ಏಳು ಕಿಲೋ ಚೀಲ, ಇಪ್ಪತ್ತನಾಲ್ಕು ದಿನ

ಮಸ್ಕತ್ತಿನಿಂದ ಫೋನು ಬಂದಾಗ ನಾನು ಕುಣಿಗಲ್ಲಿನಿಂದ ತುಮಕೂರಿಗೆ ವಾಪಸಾಗುವ ಬಸ್ಸಿನಲ್ಲಿದ್ದೆ. ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವುದು ನನ್ನ ಕೆಲಸ, ಮನೆ ತುಮಕೂರಿನಲ್ಲಿ. ಫೋನು ಮಾಡಿದವರು ಅಕ್ಕ ಕೆಲಸಕ್ಕಿದ್ದ ಮನೆಯ ಸೊಸೆ. ಉತ್ತರದ ಕಡೆಯವರು. ನನಗೆ ಅರ್ಥವಾಗಲಿ ಎಂದು ಹಿಂದಿಯನ್ನು ನಿಧಾನವಾಗಿ, ಒಂದೊಂದೇ ಮಾತಾಗಿ ಆಡಿದರು. ಅಕ್ಕ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದಿದ್ದಾಳೆ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತು ನಿಂತಿದೆ. ಬಸ್ಸಿನಲ್ಲಿ ಗಲಾಟೆ ಇತ್ತು. ನಾನು ಎರಡೆರಡು ಸಲ ಕೇಳಿ ಅವರಿಂದ ಅದನ್ನೇ ಮತ್ತೆ ಹೇಳಿಸಿದೆ.

ಅಕ್ಕ ಆ ಮನೆಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಭಾವ ತೀರಿಕೊಂಡ ಮೇಲೆ, ಒಂಬತ್ತು ವರ್ಷದ ಮಗಳನ್ನು ಗುಬ್ಬಿಯಲ್ಲಿ ಅವ್ವನ ಹತ್ತಿರ ಬಿಟ್ಟು ಹೋದವಳು. ಅಡುಗೆ ಮಾಡುವುದು, ಜೊತೆಗೆ ಆ ಮನೆಯ ಹಿರಿಯ ಹೆಂಗಸನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ಅಜ್ಜಿಯನ್ನು ಎಲ್ಲರೂ ಹಿಂದಿಯಲ್ಲಿ ಮಾಜಿ, ಅಂದರೆ ಅಮ್ಮ, ಅನ್ನುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಅಕ್ಕ ಊರಿಗೆ ಬರುವಾಗ ದೊಡ್ಡ ದೊಡ್ಡ ಎರಡು ಸೂಟ್‌ಕೇಸು, ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ ಬರುತ್ತಿದ್ದವು. ಸೋಪು, ಖರ್ಜೂರ, ಕಂಬಳಿ, ಟಾರ್ಚು, ಸೆಂಟು. ಅದರಲ್ಲಿ ಅವಳ ಸ್ವಂತದ್ದು ಎರಡು ನೈಟಿ, ಒಂದು ಬಾಚಣಿಗೆ ಬಿಟ್ಟರೆ ಬೇರೆ ಏನನ್ನೂ ನಾನು ನೋಡಿದ ನೆನಪಿಲ್ಲ.

ಮೂರು ವರ್ಷದ ಹಿಂದೆ ಬಂದಾಗ ನನ್ನ ಬೆನ್ನುಬಿದ್ದು ಪಾಸ್‌ಪೋರ್ಟ್ ಮಾಡಿಸಿದ್ದಳು. ಬೇಸಿಗೆ ರಜದಲ್ಲಿ ಬಾ, ಸಮುದ್ರ ತೋರಿಸ್ತೀನಿ, ಮಾಜಿಯ ಸೊಸೆಯನ್ನು ಕೇಳಿದೀನಿ, ನನ್ನ ರೂಮಿನಲ್ಲೇ ಇರಬಹುದಂತೆ ಎಂದಿದ್ದಳು. ಮೊದಲ ಬೇಸಿಗೆ ಪೇಪರ್ ತಿದ್ದುವ ಕೆಲಸ ಬಂತು. ಎರಡನೆಯದರಲ್ಲಿ ನಾವು ಮನೆಯ ಮೇಲೊಂದು ರೂಮು ಕಟ್ಟಿಸುತ್ತಿದ್ದೆವು. ಮೂರನೆಯದರಲ್ಲಿ ಅವಳೇ ಕೇಳಲಿಲ್ಲ. ಹೀಗಾಗಿ ಒಂದೂ ಮುದ್ರೆ ಬೀಳದ ಪಾಸ್‌ಪೋರ್ಟು ಬೀರುವಿನಲ್ಲಿತ್ತು, ಅಕ್ಕನದು ಬಿಟ್ಟರೆ ನಮ್ಮ ಇಡೀ ಮನೆತನದಲ್ಲಿ ಇದ್ದದ್ದು ಅದೊಂದೇ. ಯಾರು ಹೋಗಬೇಕು ಎಂಬ ಚರ್ಚೆಯೇ ಏಳಲಿಲ್ಲ.

ಎರಡು ವಾರದ ಮೇಲೆ ಆ ಸೊಸೆ ಮತ್ತೆ ಫೋನು ಮಾಡಿದರು. ಅಕ್ಕ ದಿಂಬಿಗೆ ಒರಗಿ ಕೂರುತ್ತಾಳೆ, ಇನ್ನು ಮೂರು ವಾರ ಕಳೆದರೆ ಜೊತೆಗೊಬ್ಬರು ಇದ್ದರೆ ವಿಮಾನದಲ್ಲಿ ಕರೆದೊಯ್ಯಬಹುದು ಅಂತ ಡಾಕ್ಟರು ಹೇಳಿದ್ದಾರೆ, ನೀವು ಈಗಲೇ ಬಂದು ಅವಳ ಜೊತೆ ಇರಿ, ಹೋಗುವಾಗ ಕರೆದುಕೊಂಡು ಹೋಗಿ ಎಂದರು. ವೀಸಾ ಟಿಕೆಟು ಎಲ್ಲ ಅವರೇ ನೋಡಿಕೊಂಡರು. ಇಪ್ಪತ್ತನಾಲ್ಕು ದಿನ. ಕೊನೆಗೆ ಒಂದು ಮಾತು ಹೇಳಿದರು. ಬರುವಾಗ ಸಾಮಾನು ಕಡಿಮೆ ತನ್ನಿ, ವಾಪಸು ಹೋಗುವಾಗ ಒಂದು ಕೈಯಲ್ಲಿ ಅವಳನ್ನು ಹಿಡಿದಿರಬೇಕು, ಇನ್ನೊಂದರಲ್ಲಿ ಔಷಧಿ, ಕಾಗದ, ಡಯಾಪರ್ ಚೀಲ. ಮೂರನೆಯ ಕೈ ನಿಮಗಿಲ್ಲ.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಸೂಟ್‌ಕೇಸು ಬೇಡ, ವಿಮಾನದೊಳಗೆ ಬಿಡುವ ಏಳು ಕಿಲೋ ಅಷ್ಟೇ ಎಂದು ತೀರ್ಮಾನಿಸಿದೆ. ಈಗ ಯೋಚಿಸಿದರೆ, ಚೀಲ ಚಿಕ್ಕದಾದಷ್ಟೂ ಅಕ್ಕನನ್ನು ಕರೆತರುವುದು ಗಟ್ಟಿ ಅಂತ ನಾನು ಹೇಗೋ ನಂಬಿಕೊಂಡಿದ್ದೆ ಅನ್ನಿಸುತ್ತದೆ.

ನಮ್ಮ ಸ್ಕೂಲಿನ ಸಮಾಜ ವಿಜ್ಞಾನದ ಮೇಡಂ ಹಿಂದಿನ ವರ್ಷ ಟೂರಿನವರ ಜೊತೆ ಹದಿನೈದು ದಿನ ಯುರೋಪು ಸುತ್ತಿ ಬಂದಿದ್ದರು. ಅವರು ಸ್ಟಾಫ್ ರೂಮಿನಲ್ಲಿ ನನಗೆ ಪಾಠ ಮಾಡಿದರು. ಸೀರೆ ಬೇಡ, ಬೇಗ ಒಣಗುವ ಚೂಡಿದಾರ ಮೂರು. ಒಂದು ಮೈಮೇಲೆ, ಎರಡು ಚೀಲದಲ್ಲಿ. ಟರ್ಕಿ ಟವೆಲ್ಲಿನ ಬದಲು ತೆಳು ಪಂಚೆಯ ತುಂಡು. ಬಟ್ಟೆಯನ್ನು ಮಡಿಸಬಾರದು, ಚಾಪೆಯ ಹಾಗೆ ಸುತ್ತಬೇಕು. ತಮ್ಮ ಗಾಲಿಯ ಪೆಟ್ಟಿಗೆಯನ್ನೂ ತಂದುಕೊಟ್ಟರು. ತೂಕ ಹಾಕಿದರೆ ಖಾಲಿ ಪೆಟ್ಟಿಗೆಯೇ ಮೂರು ಕಿಲೋದ ಹತ್ತಿರ ಬಂತು. ಅದನ್ನು ಹಿಂದಿರುಗಿಸಿ, ತುಮಕೂರು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಕಾಲೇಜು ಹುಡುಗರು ಬೆನ್ನಿಗೆ ಹಾಕಿಕೊಳ್ಳುವಂಥ ಬ್ಯಾಗು ತಂದೆ. ನಲವತ್ತೆಂಟರ ವಯಸ್ಸಿನಲ್ಲಿ ಅದನ್ನು ಹೆಗಲಿಗೇರಿಸಿ ಕನ್ನಡಿ ನೋಡಿಕೊಂಡಾಗ ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ.

ಬಟ್ಟೆ ಸುಲಭವಾಗಿ ಮುಗಿಯಿತು. ತೂಕ ಎಳೆದದ್ದು ಕಾಗದಗಳು. ನಾನು ಅವಳ ತಂಗಿ ಎಂಬುದಕ್ಕೆ ನೋಟರಿ ಮಾಡಿಸಿದ ಪತ್ರ, ಭಾವನ ಮರಣ ಪತ್ರ, ಅವ್ವನ ಒಪ್ಪಿಗೆ, ಎಲ್ಲದಕ್ಕೂ ಮೂರು ಮೂರು ಜೆರಾಕ್ಸು. ಆ ಫೈಲೇ ಮುಕ್ಕಾಲು ಕಿಲೋ ಇತ್ತು. ನನ್ನ ಬಿ.ಪಿ. ಮಾತ್ರೆಗಳನ್ನು ದಿನಕ್ಕೊಂದರಂತೆ ಎಣಿಸಿ, ಮಿಕ್ಕ ಶೀಟುಗಳನ್ನು ತೆಗೆದಿಟ್ಟೆ. ಯಡಿಯೂರಿನಿಂದ ಸ್ಕೂಲಿಗೆ ಬರುವ ಸಹೋದ್ಯೋಗಿಯೊಬ್ಬರು ಅಲ್ಲಿನ ಗುಡಿಯ ವಿಭೂತಿ ಪೊಟ್ಟಣ ತಂದುಕೊಟ್ಟಿದ್ದರು. ಅದನ್ನು ಮಾತ್ರೆಯ ಡಬ್ಬಿಯಲ್ಲೇ ಸೇರಿಸಿದೆ.

ಹೊರಡುವ ಮುಂಚಿನ ಭಾನುವಾರ ಬ್ಯಾಗನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಗುಬ್ಬಿಗೆ ಹೋದೆ. ಅವ್ವ ನಡುಮನೆಯಲ್ಲಿ ಸಾಮಾನು ಜೋಡಿಸಿಟ್ಟುಕೊಂಡು ಕಾಯುತ್ತಿದ್ದಳು. ಮೂರು ಸೇರಾಗುವಷ್ಟು ರಾಗಿ ಹಿಟ್ಟು, ಹುರಳಿಕಾಳು, ಕೊಬ್ಬರಿ, ಚಟ್ನಿಪುಡಿ, ಒಂದು ಬಾಟಲಿ ಹರಳೆಣ್ಣೆ. ಅವುಗಳ ಮೇಲೆ ಹೊಸ ಸೀರೆ, ಹಸಿರಿನದ್ದು, ಕೆಂಪಂಚು. ಚೇಳೂರಿನಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಹೇಳಿ ತರಿಸಿದ್ದಂತೆ.

ಏಳೇ ಕಿಲೋ ಅವ್ವ, ಈಗಾಗಲೇ ಐದೂವರೆ ಆಗಿದೆ ಎಂದೆ. ಅವ್ವನಿಗೆ ಅದು ಅರ್ಥವಾಗುವ ಲೆಕ್ಕವಾಗಿರಲಿಲ್ಲ. ಅಕ್ಕ ಬರುವಾಗ ಅಷ್ಟೊಂದು ತರುತ್ತಿದ್ದಳಲ್ಲ, ಅವಳಿಗೆ ಬಿಡುವವರು ನಿನಗೆ ಯಾಕೆ ಬಿಡುವುದಿಲ್ಲ ಎಂದು ವಾದಿಸಿದಳು. ಬೇಡ ಅಂದದ್ದು ನಾನೇ ಎಂಬುದನ್ನು ಬಚ್ಚಿಟ್ಟೆ. ಕೊನೆಗೆ ಎದುರಿನ ಅಂಗಡಿಯ ತಕ್ಕಡಿಗೆ ಬ್ಯಾಗನ್ನು ಹೊತ್ತುಕೊಂಡು ಹೋಗಿ ತೂಕ ಮಾಡಿಸಿದೆವು. ಅವ್ವ ಮುಳ್ಳನ್ನೇ ನೋಡುತ್ತ ನಿಂತಳು. ಹುರಳಿಕಾಳು ಹೋಯಿತು, ಕೊಬ್ಬರಿ ಹೋಯಿತು, ಎಣ್ಣೆ ಮೊದಲೇ ಹೋಗಿತ್ತು. ಒಂದು ಕಿಲೋ ರಾಗಿ ಹಿಟ್ಟು ಉಳಿಯಿತು. ಸೀರೆಯ ಮೇಲೆ ಮಾತ್ರ ಅವಳು ಕೈ ಬಿಡಲಿಲ್ಲ.

"ಹನ್ನೊಂದ್ ವರ್ಷ ದುಡ್ದವ್ಳೆ. ಬರೋವಾಗ ನೈಟಿಲಿ ಬರ್ಬೇಕೇನೇ? ಸೀರೆ ಉಡ್ಸಿ ಕರ್ಕಂಬಾ," ಎಂದಳು.

ಒಂದು ಕಡೆ ಬಿದ್ದುಹೋದವಳಿಗೆ ವೀಲ್‌ಚೇರಿನಲ್ಲಿ ಸೀರೆ ಹೇಗೆ ಉಡಿಸುವುದು ಎಂದುಕೊಂಡೆ. ಆಗಲಿ ಎಂದು ಬ್ಯಾಗಿಗೆ ತುರುಕಿದೆ. ತುಮಕೂರಿಗೆ ಬಂದು ತೆಗೆದು, ಮಂಚದ ಕೆಳಗಿನ ಟ್ರಂಕಿನಲ್ಲಿ ಇಟ್ಟೆ. ಅದರ ಜಾಗಕ್ಕೆ ಮುಂದೆ ಗುಂಡಿ ಇರುವ ನೈಟಿ ಒಂದನ್ನು, ಹೊದೆಯುವ ಶಾಲನ್ನು ಸುತ್ತಿ ಇಟ್ಟೆ.

ಅಕ್ಕನ ಮಗಳು ಅವತ್ತು ಏನೂ ಕೊಡಲಿಲ್ಲ. ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಳು. ಗುಬ್ಬಿಯಿಂದ ದಿನವೂ ತುಮಕೂರಿನ ಕಾಲೇಜಿಗೆ ಬರುತ್ತಿದ್ದವಳು ನಾನು ಹೊರಡುವ ದಿನ ಅಲ್ಲಿಂದ ನೇರ ನಮ್ಮ ಮನೆಗೆ ಬಂದು, ನನ್ನ ಫೋನು ಇಸಕೊಂಡು ತನ್ನದರಿಂದ ಅದಕ್ಕೆ ಏನೋ ಕಳಿಸಿದಳು. ಅವಳೇ ಮಾತಾಡಿ ರೆಕಾರ್ಡು ಮಾಡಿದ್ದು, ಹದಿನಾಲ್ಕು ನಿಮಿಷದ್ದು.

"ಇದಕ್ಕೆ ತೂಕ ಇಲ್ವಲ್ಲ ಚಿಕ್ಕಮ್ಮ," ಎಂದಳು. "ನೀವು ಕೇಳ್ಬೇಡಿ. ಅಮ್ಮನ ಕಿವಿ ಹತ್ರ ಇಡಿ."

ಮಸ್ಕತ್ತಿನ ಆಸ್ಪತ್ರೆಯ ವಾರ್ಡಿನಲ್ಲಿ ಅಕ್ಕನನ್ನು ನೋಡಿದಾಗ ನಾನು ಮೊದಲು ಗುರುತು ಹಿಡಿಯಲಿಲ್ಲ. ಕೂದಲು ಗಿಡ್ಡ ಕತ್ತರಿಸಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಹತ್ತಿರ ಹೋಗಿ "ಅಕ್ಕ" ಎಂದೆ. ಅವಳು ನನ್ನ ಮುಖ ನೋಡಿದಳು, ಎಡಗೈ ಊರಿ ಏಳಲು ನೋಡಿದಳು. "ಆಯೀ," ಎಂದಳು.

ಮಾತು ಬಂದಿದೆ ಎಂದು ಹಿಗ್ಗಿದೆ. ಪಕ್ಕದಲ್ಲಿದ್ದ ಆ ಮನೆಯ ಸೊಸೆ ತಲೆ ತಗ್ಗಿಸಿದರು. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂರಿಸಿ ಹೇಳಿದರು. ಮಾಜಿಯ ಮಂಚದ ಪಕ್ಕ ಒಂದು ಕರೆಗಂಟೆಯ ಗುಂಡಿ ಇದೆ. ಅದನ್ನು ಒತ್ತಿದಾಗಲೆಲ್ಲ ಅಕ್ಕ ಎಲ್ಲಿದ್ದರೂ "ಆಯೀ ಮಾಜಿ" ಎಂದು ಕೂಗಿಕೊಂಡು ಹೋಗುತ್ತಿದ್ದಳು, ಬಂದೆ ಅಂತ. ಹಾಗೆ ದಿನಕ್ಕೆ ಎಷ್ಟು ಸಲವೋ. ಅದರಲ್ಲಿ ಒಂದು ಮಾತು ಉಳಿದಿದೆ, ಬೇರೆ ಯಾವುದೂ ಇಲ್ಲ. ನರ್ಸು ಕರೆದರೂ ಅದೇ, ನೀರು ಬೇಕಾದರೂ ಅದೇ, ನೋವಾದರೂ ಅದೇ.

ಮಾತಿನ ತರಬೇತಿ ಕೊಡಲು ಬರುತ್ತಿದ್ದ ಹೆಣ್ಣುಮಗಳು ನನ್ನಲ್ಲಿ ಆಸೆ ಹುಟ್ಟಿಸಿದಳು. ಮೊದಲು ಕಲಿತ ಭಾಷೆ ಕೆಲವರಿಗೆ ಬೇಗ ಮರಳುತ್ತದೆ, ಅವಳ ಜೊತೆ ನೀವು ನಿಮ್ಮ ಭಾಷೆಯಲ್ಲೇ ಮಾತಾಡಿ ಎಂದಳು. ನಾನು ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತಿರುವವಳು. ಇದಕ್ಕಿಂತ ತಕ್ಕ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ.

ಮರುದಿನದಿಂದಲೇ ಶುರುಮಾಡಿದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಒಳಗೆ ಬಿಡುತ್ತಿದ್ದರು. ಕೈ ತೋರಿಸಿ ಕೈ ಎಂದೆ, ಕಣ್ಣು ಮುಟ್ಟಿ ಕಣ್ಣು ಎಂದೆ. ಸೋಮವಾರ ಮಂಗಳವಾರ ಒಪ್ಪಿಸಿದೆ. ಒಂದು ಎರಡು ಎಣಿಸಿದೆ. ಚಿಕ್ಕಂದಿನಲ್ಲಿ ಅವಳು ನನ್ನನ್ನು ಬೈಯುತ್ತಿದ್ದ ಬೈಗುಳಗಳನ್ನೆಲ್ಲ ನಾನೇ ಬೈದು ತೋರಿಸಿದೆ. ಅಪ್ಪ ತೆಂಗಿನಕಾಯಿ ಸುಲಿಯುವಾಗ ನಾವಿಬ್ಬರೂ ಸಿಪ್ಪೆಯ ರಾಶಿಗೆ ಹಾರಿ ಅವಳ ಹಣೆ ಒಡೆದದ್ದನ್ನು ಹೇಳಿ, ಹಣೆಯ ಮೇಲಿನ ಗಾಯದ ಗುರುತು ಮುಟ್ಟಿದೆ. ಅವಳು ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಬೇರೆಯವರ ಮನೆಯಲ್ಲಿ ಕೂತು ಅರ್ಥವಾಗದ ಮಾತಿಗೆ ತಲೆಯಾಡಿಸುವವರ ಹಾಗೆ. ಮುಗಿದ ಮೇಲೆ "ಆಯೀ" ಎನ್ನುತ್ತಿದ್ದಳು.

ಎಂಟನೆಯ ದಿನ ಆ ಮನೆಯ ಅಡುಗೆಮನೆಯಲ್ಲಿ ರಾಗಿ ಗಂಜಿ ಕಾಸಿದೆ. ತೆಳ್ಳಗಿನದು ಕುಡಿದರೆ ಕೆಮ್ಮುತ್ತಿದ್ದಳು, ಗಟ್ಟಿಗಂಜಿ ಕೊಡಬಹುದು ಎಂದು ಆಸ್ಪತ್ರೆಯವರು ಒಪ್ಪಿದ್ದರು. ಉಪ್ಪು ಮಜ್ಜಿಗೆ ಹಾಕಿ, ಅವ್ವ ಮಾಡುವ ಹದಕ್ಕೇ ತಂದು, ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ವಾಸನೆಗಾದರೂ ಏನಾದರೂ ಆಗುತ್ತದೆ ಎಂದು ಅವಳ ಮುಖವನ್ನೇ ನೋಡುತ್ತ ಚಮಚ ಹಿಡಿದೆ. ತಿಂದಳು. ಹಿಂದಿನ ದಿನ ಆಸ್ಪತ್ರೆಯವರ ಅನ್ನದ ಗಂಜಿ ತಿಂದ ಹಾಗೇ ತಿಂದಳು. ಆರನೆಯ ಚಮಚಕ್ಕೆ ಎಡಗೈಯಿಂದ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಮಗಳ ರೆಕಾರ್ಡನ್ನು ಅಷ್ಟು ದಿನ ತಡೆದಿಟ್ಟುಕೊಂಡಿದ್ದೆ. ಇನ್ನೂ ಸ್ವಲ್ಪ ಸುಧಾರಿಸಲಿ, ಅರ್ಥವಾಗುವ ದಿನ ಹಾಕೋಣ ಅಂತ. ಅವತ್ತು ಸಂಜೆ ಹಾಕಿದೆ. ಕೇಳಬೇಡಿ ಎಂದಿದ್ದಳು, ಆದರೆ ಕಿವಿಯ ಹತ್ತಿರ ಫೋನು ಹಿಡಿದಿರುವವಳು ನಾನೇ, ಕೇಳದೆ ಹೇಗಿರುವುದು. ದೊಡ್ಡ ಮಾತು ಏನೂ ಇರಲಿಲ್ಲ. ಬಸ್ ಪಾಸ್ ಮಾಡಿಸಿದ್ದು, ಅಜ್ಜಿ ಕಣ್ಣಿನ ಆಪರೇಷನ್ನಿಗೆ ಒಪ್ಪದೇ ಇರುವುದು, ಪರೀಕ್ಷೆಯ ತಾರೀಕು, ಹಿತ್ತಿಲಲ್ಲಿ ಬೆಕ್ಕು ಮರಿ ಹಾಕಿದ್ದು. ಪ್ರತಿ ಭಾನುವಾರ ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದುದೇ. ಕೊನೆಗೆ ಹೇಳುವುದು ಮುಗಿದುಹೋಗಿ ಬಹಳ ಹೊತ್ತು ಬರೀ ಫ್ಯಾನಿನ ಶಬ್ದ ಬಂತು, ಒಳಗೆ ಕುಕ್ಕರು ಕೂಗಿತು. ಆಮೇಲೆ "ಸರಿ" ಎಂದು ನಿಂತಿತು. ಅಕ್ಕ ಛಾವಣಿ ನೋಡುತ್ತಿದ್ದಳು. ನಾನು ಎರಡನೆಯ ಸಲ ಹಾಕಿದಾಗ ಮುಖ ಗೋಡೆಯ ಕಡೆ ತಿರುಗಿಸಿದಳು.

ಹದಿನೇಳನೆಯ ದಿನ ಡಾಕ್ಟರನ್ನು ಕೇಳಿದೆ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ, ಬರುವುದಾದರೆ ಇಷ್ಟರಲ್ಲಿ ಏನಾದರೂ ಸುಳಿವು ಕಾಣಬೇಕಿತ್ತು, ದಿನವೂ ಬಳಸಿದ ಹಿಂದಿ ಮಾತು ಉಳಿದು ಹುಟ್ಟಿನ ಭಾಷೆ ಯಾಕೆ ಹೋಯಿತು ಎಂದು ತಮಗೂ ಹೇಳಲಾಗುವುದಿಲ್ಲ ಎಂದರು. ಅವಳಿಗೆ ನಾನು ಯಾರೆಂದು ಗೊತ್ತೇ ಎಂದು ಕೇಳಿದೆ. ನಂಬಬಹುದಾದವರು ಎಂಬುದಷ್ಟು ಗೊತ್ತಿರಬಹುದು ಎಂದರು.

ಅಷ್ಟು ದಿನವೂ ನಾನು ಉಳಿದುಕೊಂಡದ್ದು ಅಡುಗೆಮನೆಯ ಹಿಂದಿನ ಅಕ್ಕನ ರೂಮಿನಲ್ಲಿ. ಒಂದು ಮಂಚ, ಒಂದು ಕಿಟಕಿ. ಚೂಡಿದಾರ ಒಗೆದು ಕಿಟಕಿಯ ಸರಳಿಗೆ ಹಾಕಿದರೆ ಗಂಟೆಯೊಳಗೆ ಒಣಗುತ್ತಿತ್ತು. ಮೂರರಲ್ಲಿ ಒಂದನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ. ಮಂಚದ ಕೆಳಗೆ ಅಕ್ಕನ ಸೂಟ್‌ಕೇಸು ಇತ್ತು. ಹೊರಡಲು ಮೂರು ದಿನ ಇರುವಾಗ ಅದನ್ನು ಎಳೆದು ತೆಗೆದೆ. ಖಾಲಿ ಇರಬಹುದು ಎಂದುಕೊಂಡಿದ್ದೆ. ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

ಮುಂದಿನ ಸಲ ಊರಿಗೆ ಬರುವುದಕ್ಕೆಂದು ಅವಳು ತಿಂಗಳುಗಟ್ಟಲೆಯಿಂದ ಕೂಡಿಡುತ್ತಿದ್ದಳು. ಎರಡು ಕಂಬಳಿ. ಹನ್ನೆರಡು ಸೋಪು, ಒಂದೊಂದನ್ನೂ ಬಟ್ಟೆಯ ನಡುವೆ ಸಿಕ್ಕಿಸಿದ್ದಳು. ಅವ್ವನಿಗೆ ಕಾಲುಚೀಲ. ಮಗಳಿಗೊಂದು ಕೈಗಡಿಯಾರ. ನನಗೆ ಎಂದು ತಿಳಿಯುವ ಹಾಗೆ ಕೆಂಪು ಪೆನ್ನುಗಳ ಡಬ್ಬಿ. ಪ್ರತಿಯೊಂದರ ಮೇಲೂ ಚೀಟಿ ಅಂಟಿಸಿ ಯಾರಿಗೆಂದು ಬರೆದಿದ್ದಳು, ಕನ್ನಡದಲ್ಲಿ, ಅವಳ ಆ ಗುಂಡು ಅಕ್ಷರದಲ್ಲಿ. ನಾನು ನೆಲದ ಮೇಲೆ ಕೂತು ಆ ಚೀಟಿಗಳನ್ನು ಒಂದೊಂದಾಗಿ ಓದಿದೆ. ಮರುದಿನ ಎರಡು ಚೀಟಿ ಬಿಡಿಸಿಕೊಂಡು ಹೋಗಿ ಅಕ್ಕನಿಗೆ ತೋರಿಸಿದೆ. ಅವಳು ತೆಗೆದುಕೊಂಡು ತಿರುಗಿಸಿ ನೋಡಿ, ಟೇಬಲ್ಲು ಒರೆಸುವ ಹಾಗೆ ಅದರಿಂದ ಹಾಸಿಗೆಯ ಅಂಚನ್ನು ಒರೆಸಿದಳು.

ಮತ್ತೆ ಏಳು ಕಿಲೋ ಕಟ್ಟಬೇಕಾಯಿತು. ಸಾಮಾನೆಲ್ಲ ಆಮೇಲೆ ಕಳಿಸುತ್ತೇವೆ ಎಂದು ಆ ಮನೆಯ ಸೊಸೆ ಹೇಳಿದರು. ಕಳಿಸುತ್ತಾರೆಂದು ನನಗೂ ಅನ್ನಿಸಲಿಲ್ಲ, ಅವರಿಗೂ ಅನ್ನಿಸಿರಲಿಕ್ಕಿಲ್ಲ. ಹೊಸ ಕೆಲಸದವಳು ಮುಂದಿನ ವಾರ ಬರುವವಳಿದ್ದಳು, ರೂಮು ಖಾಲಿಯಾಗಬೇಕಿತ್ತು. ಔಷಧಿ, ಡಯಾಪರು, ಆಸ್ಪತ್ರೆಯ ಫೈಲು ಇಡುವಷ್ಟರಲ್ಲಿ ಬ್ಯಾಗು ತುಂಬಿತು. ನನ್ನ ಎರಡು ಚೂಡಿದಾರ ಅಲ್ಲೇ ಬಿಟ್ಟೆ. ಗಡಿಯಾರ, ಕಾಲುಚೀಲ ಸೇರಿಸಿದೆ. ಕಂಬಳಿ, ಸೋಪು, ಪೆನ್ನು ಎಲ್ಲವನ್ನೂ ವಾಪಸು ಜೋಡಿಸಿ ಸೂಟ್‌ಕೇಸು ಮುಚ್ಚಿ ಮಂಚದ ಕೆಳಗೆ ತಳ್ಳಿದೆ. ಅವಳು ಸೂಟ್‌ಕೇಸು ತುಂಬಿಸುತ್ತಿದ್ದ ಬೇಸಿಗೆಗಳಲ್ಲೇ ನಾನು ಬರುವುದನ್ನು ಮುಂದೂಡುತ್ತಿದ್ದೆ ಎಂಬುದು ಆಗ ನೆನಪಾಯಿತು.

ಹೊರಡುವ ಮುನ್ನ ಮಾಜಿಯನ್ನು ವೀಲ್‌ಚೇರಿನಲ್ಲಿ ಬಾಗಿಲವರೆಗೆ ಕರೆತಂದರು. ಆಸ್ಪತ್ರೆಯಿಂದ ಬಂದು ನಿಂತ ಕಾರಿನಲ್ಲಿ ಅಕ್ಕ, ಬಾಗಿಲಲ್ಲಿ ಮಾಜಿ. ಮಾಜಿ ಅತ್ತರು, ಅಕ್ಕನ ಹೆಸರು ಹಿಡಿದು ಕರೆದರು. ಅಕ್ಕ ಇಳಿಯಲು ಹೆಣಗಿದಳು. ನಾನೂ ಡ್ರೈವರೂ ಸೇರಿ ಅವಳನ್ನು ಹಿಡಿದು ಕೂರಿಸಬೇಕಾಯಿತು. ಇಪ್ಪತ್ತನಾಲ್ಕು ದಿನದಲ್ಲಿ ಅವಳು ಯಾರನ್ನಾದರೂ ಗುರುತು ಹಿಡಿದದ್ದನ್ನು ನಾನು ನೋಡಿದ್ದು ಆಗಲೇ.

ಬೆಂಗಳೂರಿನಿಂದ ಟ್ಯಾಕ್ಸಿಯಲ್ಲಿ ನೇರ ಗುಬ್ಬಿಗೆ ಬಂದೆವು. ದಾಬಸ್‌ಪೇಟೆಯ ಹತ್ತಿರ ಬೆಟ್ಟ ಕಂಡಾಗ, ನೋಡೇ ಶಿವಗಂಗೆ ಎಂದೆ. ಅವಳು ನಿದ್ದೆ ಮಾಡುತ್ತಿದ್ದಳು. ಮನೆಯ ಮುಂದೆ ಇಳಿಸುವಾಗ ಅವ್ವ ಅವಳ ಮುಖ ನೋಡುವ ಮೊದಲು ಮೈಮೇಲಿನ ನೈಟಿ, ಶಾಲು ನೋಡಿದಳು. "ಸೀರೆ ಎಲ್ಲೇ?" ಎಂದಳು. ತುಮಕೂರಿನಲ್ಲೇ ಬಿಟ್ಟಿದ್ದೆ, ತೂಕ ಆಗುತ್ತಿತ್ತು ಎಂದು ನಿಜ ಹೇಳಿದೆ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಗಳು ತಾಯಿಯ ಎದುರು ಮಂಡಿಯೂರಿ ಕೂತು "ಅಮ್ಮ" ಎಂದಳು. ಅಕ್ಕ "ಆಯೀ" ಎಂದಳು. ಅವ್ವನ ಕಿವಿ ಈಚೆಗೆ ಅಷ್ಟು ಸೂಕ್ಷ್ಮವಿಲ್ಲ. "ನೋಡೇ, ಆಯ್ತು ಅಂತವ್ಳೆ," ಎಂದಳು. ಸೊಸೈಟಿಯ ಹಾಲಿನವರಿಗೂ, ನೋಡಲು ಬಂದ ನೆಂಟರಿಗೂ ಅದನ್ನೇ ಹೇಳಿದಳು, ನಾನು ಕೇಳಿದ್ದಕ್ಕೆಲ್ಲ ಆಯ್ತು ಅಂತಾಳೆ ಎಂದು. ಮೊಮ್ಮಗಳು ನನ್ನ ಮುಖ ನೋಡಿದಳು. ನಾವಿಬ್ಬರೂ ತಿದ್ದಲಿಲ್ಲ.

ಇದೆಲ್ಲ ಆಗಿ ಒಂದೂವರೆ ವರ್ಷವಾಯಿತು. ತುಮಕೂರಿನಲ್ಲಿ ಮಾತಿನ ತರಬೇತಿಗೆ ನಾಲ್ಕು ತಿಂಗಳು ಕರೆದುಕೊಂಡು ಹೋದೆವು. ಆಮೇಲೆ ಅವರೇ, ಇಷ್ಟು ದೂರ ಕೂರಿಸಿಕೊಂಡು ಬಂದು ಯಾಕೆ ದಣಿಸುತ್ತೀರಿ ಎಂದರು. ಅಕ್ಕನ ಮಗಳು ಪಾಸಾದಳು. ಮೈಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿತು, ಹೋಗಲಿಲ್ಲ. ನಾನು ಹೋಗು ಎಂದೆ, ಆದರೆ ಇನ್ನೊಂದು ಸಲ ಹೇಳಲಿಲ್ಲ. ಅವಳು ಹೋದರೆ ಅಕ್ಕನನ್ನು ಎತ್ತಿ ಕೂರಿಸುವವರು ಬೇರೆ ಯಾರೂ ಇರಲಿಲ್ಲ. ಈಗ ಗುಬ್ಬಿಯಲ್ಲೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮಧ್ಯಾಹ್ನದವರೆಗೆ ಕೂರುತ್ತಾಳೆ.

ದೀಪಾವಳಿ ಮುಗಿದ ವಾರ ಅಕ್ಕನಿಗೆ ಇನ್ನೊಂದು ಸಣ್ಣ ಸ್ಟ್ರೋಕು ಆಯಿತು. ಇದ್ದ ಒಂದು ಮಾತೂ ಅದರಲ್ಲಿ ಹೋಯಿತು. ಅವ್ವ ಒಂದಷ್ಟು ದಿನ ಕೇಳಿ ಕೇಳಿ ನೋಡಿದಳು, ಈಗ ಕೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ನಾನು ಗುಬ್ಬಿಯ ಬಸ್ಸು ಹತ್ತುತ್ತೇನೆ. ಅಕ್ಷರ, ವಾರ, ಲೆಕ್ಕ ಎಲ್ಲ ಬಿಟ್ಟಿದ್ದೇನೆ. ಜಗುಲಿಯ ಬಿಸಿಲಿನಲ್ಲಿ ಅವಳನ್ನು ಕೂರಿಸಿ ತಲೆ ಬಾಚಿ, ಉಗುರು ಕತ್ತರಿಸುತ್ತೇನೆ. ಎಡಗೈಯ ಉಗುರು ವಾರ ವಾರವೂ ಬೆಳೆದಿರುತ್ತದೆ. ಬಿದ್ದುಹೋದ ಬಲಗೈಯದನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿಸಿದರೆ ಸಾಕು.